ಕೇಜಿನಲ್ಲಿ ಸಾಕಿದ ಜಿಲೇಬಿ ಮೀನು ಮರಿ ಹಾಕುತ್ತದಾ?

ಹಳೇ ಕಲ್ಲು ಕ್ವಾರಿಯ ನೀರಿನಲ್ಲಿ ಕೇಜ್ (ಬಲೆಯ ಪಂಜರ) ಕಟ್ಟಿ ಜಿಲೇಬಿ, ಅಂದರೆ ತಿಲಾಪಿಯಾ, ಬಿಡಬೇಕು ಅಂತಿದ್ದೀರಿ. ಅದು ಮರಿ ಹಾಕಿ ಹಾಕಿ ಕೊನೆಗೆ ಎಲ್ಲವೂ ಬೆರಳುದ್ದಕ್ಕೇ ನಿಲ್ಲುತ್ತದೆ ಅಂತ ಪಕ್ಕದವರು ಹೆದರಿಸಿದ್ದಾರೆ. ಅವರು ಹೇಳಿದ್ದು ಕೆರೆಗೆ ಸರಿ. ಕೇಜಿನ ಲೆಕ್ಕ ಬೇರೆ.

ಕೆರೆಯಲ್ಲಾದರೆ ಗಂಡು ಮೀನು ತಳದ ಕೆಸರಲ್ಲಿ ತಟ್ಟೆಯಂಥ ಗುಂಡಿ ತೋಡುತ್ತದೆ. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು ಕೂಡಲೇ ಬಾಯಿಗೆ ತುಂಬಿಕೊಳ್ಳುತ್ತದೆ. ನಾಲ್ಕೈದು ದಿನಕ್ಕೆ ಮೊಟ್ಟೆಯೊಡೆದರೂ ಮರಿಗಳನ್ನು ಹೊರಗೆ ಬಿಡುವುದಿಲ್ಲ. ಅವು ಚೆನ್ನಾಗಿ ಈಜುವ ತನಕ ತಾಯಿ ಬಾಯಿಯೇ ತೊಟ್ಟಿಲು. ಅಷ್ಟೂ ದಿನ ತಾಯಿಗೆ ಹೆಚ್ಚುಕಮ್ಮಿ ಉಪವಾಸ. ಕೇಜಿನಲ್ಲಿ ಕೆಸರೂ ಇಲ್ಲ, ಗುಂಡಿಯೂ ಇಲ್ಲ. ಮೊಟ್ಟೆ ಎರಡು ಮೂರು ಮಿಲಿಮೀಟರ್ ಅಷ್ಟೇ. ತಾಯಿ ಆರಿಸಿಕೊಳ್ಳುವ ಮೊದಲೇ ಬಲೆಯ ಕಣ್ಣಿನಿಂದ ಜಾರಿ ಹೋಗುತ್ತದೆ.

ಇದನ್ನು ನಾನು ದುಡ್ಡು ಕಳೆದುಕೊಂಡೇ ಕಲಿತೆ. ತೀರ್ಥಹಳ್ಳಿ ರಸ್ತೆಯ ಬದಿಗೆ ನಮ್ಮದೂ ಒಂದು ಕ್ವಾರಿ ಹೊಂಡ ಇದೆ. ಎರಡನೇ ವರ್ಷ ಆಮೆ ಕಚ್ಚಿಯೋ ಏನೋ ಒಂದು ಬಲೆಯ ಮೂಲೆ ಹರಿದು ನೂರಾರು ಮೀನು ಹೊರಗೆ ಹೋದವು. ಮುಂದಿನ ಬೇಸಿಗೆಗೆ ದಡದಲ್ಲಿ ನಿಂತು ಹಿಡಿ ಅನ್ನ ಎಸೆದರೆ ನೀರು ಕುದಿಯುವ ಹಾಗೆ ಸಣ್ಣ ಜಿಲೇಬಿ ಮುತ್ತುತ್ತಿದ್ದವು. ಕೇಜಿನೊಳಗೆ ಮಾತ್ರ ಒಂದೂ ಮರಿ ಇರಲಿಲ್ಲ. ನೀರು ಅದೇ, ಮೀನೂ ಅದೇ!

ಹಾಗಂತ ಮೊದಲು ತಂದ ಮರಿಗಳನ್ನು ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಹಾಪಾ ಬಲೆಯಲ್ಲೇ ಜಾಸ್ತಿ ದಿನ ಇಟ್ಟುಕೊಳ್ಳಬೇಡಿ, ಅದರಲ್ಲಿ ಮೊಟ್ಟೆ ಜಾರಿ ಹೋಗುವುದಿಲ್ಲ. ಒಮ್ಮೆ ಸೋಮಾರಿತನದಿಂದ ನಾಲ್ಕು ತಿಂಗಳು ಬಿಟ್ಟಿದ್ದೆ. ಒಂದು ಮೀನು ಮೇವಿಗೆ ಬರುತ್ತಿರಲಿಲ್ಲ, ಗಂಟಲ ಕೆಳಗೆ ಊದಿತ್ತು. ಹಿಡಿದು ದವಡೆ ಬಿಡಿಸಿದರೆ ಸಾಸಿವೆಗಿಂತ ಚೂರು ದಪ್ಪದ ಹಳದಿ ಮೊಟ್ಟೆಗಳು ಅಂಗೈ ಮೇಲೆ ಸುರಿದವು. ಮೀನು ಐವತ್ತು ಗ್ರಾಂ ಕೂಡ ಇರಲಿಲ್ಲ.

ನಿಮಗೆ ನಿಜವಾಗಿ ಪೆಟ್ಟು ಕೊಡುವುದು ಮರಿಯಲ್ಲ, ಹೆಣ್ಣು. ಕೇಜಿನಲ್ಲಿ ಮೊಟ್ಟೆ ಕಳೆದುಕೊಂಡ ಹೆಣ್ಣಿಗೆ ಬಾಯಲ್ಲಿ ಕಾವು ಕೊಡುವ ಕೆಲಸ ಇರುವುದಿಲ್ಲ. ಹಾಗಾಗಿ ಬೇಗ ಮತ್ತೆ ಮೊಟ್ಟೆ ಕಟ್ಟುತ್ತದೆ. ನೀವು ಹಾಕಿದ ಮೇವು ಮಾಂಸವಾಗುವ ಬದಲು ಮೊಟ್ಟೆಯಾಗಿ ಹೊಂಡದ ತಳ ಸೇರುತ್ತದೆ. ನನಗೆ ಮರಿ ಕೊಟ್ಟವರು 'ಎಲ್ಲಾ ಗಂಡೇ ಸಾರ್' ಅಂದಿದ್ದರು. ಆರು ತಿಂಗಳಿಗೆ ಎತ್ತಿದಾಗ ಗಂಡು 450 ಗ್ರಾಂ, ಹೆಣ್ಣು 200ರ ಆಸುಪಾಸು. ಮೂರರಲ್ಲಿ ಒಂದು ಹೆಣ್ಣು!

ಎಳೆಯ ಮರಿಗಳಿಗೆ ಮೂರು ನಾಲ್ಕು ವಾರ ಹಾರ್ಮೋನ್ ಬೆರೆಸಿದ ಮೇವು ಕೊಟ್ಟು ಗಂಡು ಮಾಡುತ್ತಾರೆ. ಆ ಕೆಲಸ ಅರೆಬರೆಯಾದರೆ ಹೀಗೇ ಆಗುತ್ತದೆ. ಅದಕ್ಕೇ ಈಗ ಮರಿ ಮೂವತ್ತು ಗ್ರಾಂ ಆದಾಗ ಐವತ್ತನ್ನಾದರೂ ಅಂಗಾತ ಮಲಗಿಸಿ ನೋಡುತ್ತೇನೆ. ಹೊಟ್ಟೆಯ ಹಿಂದೆ ಒಂದು ಹನಿ ಇಂಕು ಸವರಿದರೆ ರಂಧ್ರಗಳು ಎದ್ದು ಕಾಣುತ್ತವೆ. ಗಂಡಿಗೆ ಎರಡು, ಹೆಣ್ಣಿಗೆ ಮೂರು. ಬೇಸರದ ಕೆಲಸ, ನಿಜ. ಆದರೆ ಮೇವಿನ ಚೀಲದ ಬೆಲೆ ನೋಡಿದರೆ ಬೇಸರ ಹೋಗುತ್ತದೆ.

ಇನ್ನು ನಮ್ಮ ಚಳಿ. ಈ ಮೀನಿಗೆ 28ರಿಂದ 32 ಡಿಗ್ರಿ ನೀರು ಹಿತ. 20ರ ಹತ್ತಿರ ಬಂದರೆ ಮೇವಿಗೆ ಬಾಯಿಯೇ ಹಾಕುವುದಿಲ್ಲ ಅನ್ನುವಷ್ಟು ಮಂಕಾಗುತ್ತದೆ. ಡಿಸೆಂಬರ್‌ನಲ್ಲಿ ಮರಿ ಬಿಟ್ಟು 'ಬೆಳೀತಾ ಇಲ್ಲ' ಅಂತ ಸುಮ್ನೆ ಮೇವು ಸುರಿಯಬೇಡಿ, ನೀರು ಕೆಡುತ್ತದೆ ಅಷ್ಟೇ. ಜನವರಿ ಕೊನೆಗೆ ಬಲಿತ ಮರಿ ಬಿಡಿ.

ಮೀನುಗಾರಿಕೆ ಇಲಾಖೆಯ ಅನುಮತಿ ಮೊದಲೇ ತಗೊಳ್ಳಿ. ಮಳೆಗಾಲದಲ್ಲಿ ನಿಮ್ಮ ಕ್ವಾರಿ ತುಂಬಿ ಹಳ್ಳಕ್ಕೆ ಹರಿಯುವಂತಿದ್ದರೆ ಈ ಮೀನು ಬೇಡವೇ ಬೇಡ. ತುಂಗೆಗೆ ಅದರದ್ದೇ ಮೀನುಗಳಿವೆ, ನಮ್ಮ ಜಿಲೇಬಿ ಅಲ್ಲಿ ಸೇರುವುದು ಬೇಡ ಅಲ್ವಾ.

ಜನವರಿಯಲ್ಲಿ ಬಿಟ್ಟರೆ ಜುಲೈಗೆ ಎತ್ತಬಹುದು. ಜೂನ್, ಜುಲೈ ಎರಡೂ ತಿಂಗಳು ಕರಾವಳಿಯ ಯಾಂತ್ರಿಕ ದೋಣಿಗಳು ನಿಂತಿರುತ್ತವೆ, ಒಳ್ಳೆ ರೇಟು ಸಿಗುತ್ತದೆ. ಶ್ರಾವಣ ಶುರುವಾಗುವ ಮೊದಲು ಮಾರಿಬಿಡಿ.