ಒಂಬತ್ತು ಮತಗಳ ಅಂತರ: ಬ್ರಿಟನ್ನಿನ ಬಿಎನ್‌ಪಿ ಕುಸಿದಿದ್ದು ಹೇಗೆ?

ನಿಮ್ಮ ಪ್ರಶ್ನೆ ಇದು: ‘ಬ್ರಿಟಿಷ್ ನ್ಯಾಷನಲ್ ಪಾರ್ಟಿ 2009ರಲ್ಲಿ ಒಂಬತ್ತು ಲಕ್ಷಕ್ಕೂ ಜಾಸ್ತಿ ಮತ ತೆಗೆದುಕೊಂಡಿತ್ತು. 2011ರ ನಾಯಕತ್ವ ಚುನಾವಣೆ ಆದಮೇಲೆ ಹೇಳಹೆಸರಿಲ್ಲದಂತಾಯಿತು. ಇಬ್ಬರ ಜಗಳಕ್ಕೆ ಒಂದು ಪಕ್ಷ ಮುಳುಗುತ್ತದೆಯೇ? ಆ ಚುನಾವಣೆಯಲ್ಲಿ ಇನ್ನೊಬ್ಬರು ಗೆದ್ದಿದ್ದರೆ ಉಳಿಯುತ್ತಿತ್ತೇ?’

ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಇದು ಬಾಂಗ್ಲಾದೇಶದ ಬಿಎನ್‌ಪಿ ಅಲ್ಲ. ಬ್ರಿಟನ್ನಿನಲ್ಲಿ ಜಾನ್ ಟಿಂಡಲ್ 1982ರಲ್ಲಿ ಕಟ್ಟಿದ, ಬಿಳಿಯರಿಗೆ ಮಾತ್ರ ಸದಸ್ಯತ್ವ ಕೊಡುತ್ತಿದ್ದ, ಕಡು ಬಲಪಂಥೀಯ ಪಕ್ಷ.

ನನ್ನ ಉತ್ತರ: ಜಗಳ ಶುರುವಾಗುವ ಹೊತ್ತಿಗೇ ಆ ಪಕ್ಷ ಅರ್ಧ ಖಾಲಿಯಾಗಿತ್ತು. ಉಳಿದ ಅರ್ಧವನ್ನು ಜಗಳ ಸರಿಯಾಗಿ ಎರಡು ಹೋಳು ಮಾಡಿತು. ಆ ಜಗಳ ಅಷ್ಟು ಕೆಟ್ಟದಾಗಿ ಹೋಗಿದ್ದಕ್ಕೆ ಕಾರಣ ಪಕ್ಷದ ಬೈಲಾದಲ್ಲೇ ಇತ್ತು.

ನಾನು ಆಗ ಲೀಡ್ಸ್‌ನಲ್ಲಿದ್ದೆ. ಕಾಮನ್‌ವೆಲ್ತ್ ದೇಶದವರು ಕಾನೂನುಬದ್ಧವಾಗಿ ಬ್ರಿಟನ್ನಿನಲ್ಲಿ ವಾಸವಾಗಿದ್ದರೆ ಅಲ್ಲಿ ಮತ ಹಾಕಬಹುದು. ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೂ ಸರಿ. ಹಾಗಾಗಿ ನನಗೂ ಮತ ಇತ್ತು. ನಮ್ಮ ಯಾರ್ಕ್‌ಷೈರ್ ಮತ್ತು ಹಂಬರ್ ವಲಯದಿಂದ ಯುರೋಪಿಯನ್ ಸಂಸತ್ತಿಗೆ ಆರು ಜನ ಹೋಗುತ್ತಿದ್ದರು. 2009ರ ಜೂನ್‌ನಲ್ಲಿ ಗೆದ್ದ ಆರು ಜನರಲ್ಲಿ ಒಬ್ಬರು ಬಿಎನ್‌ಪಿಯ ಆಂಡ್ರ್ಯೂ ಬ್ರಾನ್ಸ್. ನನ್ನಂಥವರನ್ನು ದುಡ್ಡು ಕೊಟ್ಟಾದರೂ ಊರಿಗೆ ವಾಪಸ್ ಕಳಿಸಬೇಕು ಅನ್ನುವ ಪಕ್ಷದವರು ಲೆಕ್ಕಕ್ಕೆ ನನ್ನ ಪ್ರತಿನಿಧಿ! ಆ ವಾರ ನಮ್ಮ ಕನ್ನಡದವರು ಸೇರಿದಾಗ ಬೇರೆ ಮಾತೇ ಇರಲಿಲ್ಲ. ಮಕ್ಕಳನ್ನು ಅಲ್ಲೇ ಬೆಳೆಸಬೇಕು ಅಂತಿದ್ದವರಿಗೆ ನಿಜಕ್ಕೂ ಭಯ ಆಗಿತ್ತು. ಅದಕ್ಕೇ ಆ ಪಕ್ಷದ ಏಳುಬೀಳನ್ನು ನಾನು ಅಷ್ಟು ಗಮನ ಕೊಟ್ಟು ನೋಡಿದ್ದು.

ಮೊದಲು 2009ರ ಗೆಲುವನ್ನೇ ಸರಿಯಾಗಿ ನೋಡೋಣ. ದೇಶದಾದ್ಯಂತ 9,43,598 ಮತ, ಶೇ 6.2. ಎರಡು ಸೀಟು: ಯಾರ್ಕ್‌ಷೈರ್‌ನಲ್ಲಿ ಬ್ರಾನ್ಸ್, ವಾಯವ್ಯ ಇಂಗ್ಲೆಂಡಿನಲ್ಲಿ ಪಕ್ಷದ ನಾಯಕ ನಿಕ್ ಗ್ರಿಫಿನ್. ಆದರೆ ನಮ್ಮ ವಲಯದಲ್ಲಿ 2004ರಲ್ಲಿ ಇದೇ ಪಕ್ಷಕ್ಕೆ ಬಿದ್ದಿದ್ದು 1,26,538 ಮತ. ಗೆದ್ದ ವರ್ಷ ಬಿದ್ದಿದ್ದು 1,20,139. ಮತ ಕಡಿಮೆಯಾಗಿಯೂ ಸೀಟು ಬಂತು! ಗ್ರಿಫಿನ್ ಅವರ ವಲಯದಲ್ಲೂ ಇದೇ ಕಥೆ. ಸಂಸದರ ಭತ್ಯೆ ಹಗರಣ ಆಗತಾನೇ ಹೊರಬಿದ್ದಿತ್ತು. ಆಗ ಅಧಿಕಾರದಲ್ಲಿದ್ದ ಲೇಬರ್ ಪಕ್ಷದ ಮತದಾರರು ಬೇಸತ್ತು ಮನೆಯಲ್ಲೇ ಕೂತರು. ಒಟ್ಟು ಮತದಾನ ಇಳಿದಾಗ ಬಿಎನ್‌ಪಿಯ ಪಾಲು ಶೇಕಡಾವಾರಿನಲ್ಲಿ ಏರಿತು. ಜನ ಇದನ್ನು ಅಲೆ ಅಂದುಕೊಂಡರು. ಪಕ್ಷದ ಒಳಗಿನವರೂ ಹಾಗೇ ನಂಬಿದ್ದು ಅವರಿಗೆ ಮುಳುವಾಯಿತು.

ಅವರ ಪ್ರಚಾರ ಎಷ್ಟು ಟೊಳ್ಳು ಅನ್ನುವುದಕ್ಕೆ ಆ ವರ್ಷದ ಪೋಸ್ಟರ್ ಒಂದನ್ನು ನೋಡಿದರೆ ಸಾಕು. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಚಿತ್ರ ಹಾಕಿ ‘ಬ್ರಿಟನ್ನಿಗಾಗಿ ಯುದ್ಧ’ ಅಂತ ಘೋಷಣೆ ಕೊಟ್ಟಿದ್ದರು. ಪೋಲೆಂಡಿನಿಂದ ಬಂದ ಕೆಲಸಗಾರರ ವಿರುದ್ಧವೂ ಆಗ ಅವರ ಪ್ರಚಾರ ಜೋರಾಗಿತ್ತು. ಆ ವಿಮಾನದ ಮೇಲಿನ ಅಕ್ಷರಗಳನ್ನು ಗಮನಿಸಿದವರು ಹೇಳಿದರು: ಅದು ರಾಯಲ್ ಏರ್ ಫೋರ್ಸಿನ 303ನೇ ಸ್ಕ್ವಾಡ್ರನ್‌ನ ವಿಮಾನ. ಆ ಸ್ಕ್ವಾಡ್ರನ್ ಪೋಲೆಂಡಿನ ಪೈಲಟ್‌ಗಳದ್ದು. ಬ್ರಿಟನ್ನನ್ನು ಕಾಪಾಡಲು ಹೋರಾಡಿದವರು ಅವರು.

ಈಗ ನಾಯಕತ್ವದ ವಿಷಯಕ್ಕೆ ಬರುತ್ತೇನೆ. ಗ್ರಿಫಿನ್ ಸ್ವತಃ ಇಂಥದ್ದೇ ಒಂದು ಚುನಾವಣೆಯಿಂದ ಮೇಲೆ ಬಂದವರು. 1999ರಲ್ಲಿ ಪಕ್ಷದ ಸ್ಥಾಪಕ ಟಿಂಡಲ್ ಅವರನ್ನೇ ಭಾರಿ ಅಂತರದಿಂದ ಸೋಲಿಸಿ ಕುರ್ಚಿ ಹಿಡಿದಿದ್ದರು. ಆ ಪಕ್ಷದ ಬೈಲಾ ಎಲ್ಲ ಅಧಿಕಾರವನ್ನೂ ಅಧ್ಯಕ್ಷರ ಕೈಗೇ ಕೊಟ್ಟಿತ್ತು. ದುಡ್ಡು, ನೇಮಕ, ಉಚ್ಚಾಟನೆ ಎಲ್ಲ ಒಬ್ಬರದೇ ಮಾತು. ನಮ್ಮಲ್ಲಿ ಹೈಕಮಾಂಡ್ ಅನ್ನುತ್ತೇವಲ್ಲ, ಅಲ್ಲಿ ಹೈಕಮಾಂಡ್ ಅಂದರೆ ಒಬ್ಬನೇ ಮನುಷ್ಯ. ಇಂಥ ಪಕ್ಷ ಏರುವಾಗ ಎಲ್ಲ ಸಲೀಸು. ಇಳಿಯೋಕೆ ಶುರುವಾದಾಗ ಎಲ್ಲ ತಪ್ಪೂ ಆ ಒಬ್ಬರ ತಲೆಗೇ ಬರುತ್ತದೆ. ಅವರನ್ನು ಬದಲಾಯಿಸುವ ದಾರಿ ಮಾತ್ರ ಇರುವುದಿಲ್ಲ.

ಇಳಿತ ಬೇಗ ಶುರುವಾಯಿತು. 2008ರ ನವೆಂಬರ್‌ನಲ್ಲೇ ಸದಸ್ಯರ ಹೆಸರು, ವಿಳಾಸಗಳ ಪಟ್ಟಿ ಸೋರಿಕೆಯಾಗಿತ್ತು. 2009ರ ಅಕ್ಟೋಬರ್ 22ರಂದು ಗ್ರಿಫಿನ್ ಬಿಬಿಸಿಯ ‘ಕ್ವೆಶ್ಚನ್ ಟೈಮ್’ ಕಾರ್ಯಕ್ರಮಕ್ಕೆ ಬಂದರು. ಸುಮಾರು 80 ಲಕ್ಷ ಜನ ನೋಡಿದರು. ಅವರ ಹಳೆಯ ಮಾತುಗಳನ್ನು ಎದುರಿಗಿಟ್ಟು ಕೇಳಿದಾಗ ತಡವರಿಸಿದರು. ಅವರ ಪಕ್ಷದವರಿಗೇ ಅದು ನುಂಗಲಾರದ ತುತ್ತಾಯಿತು. ಅದೇ ಹೊತ್ತಿಗೆ ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗ ಕೋರ್ಟಿಗೆ ಹೋಗಿತ್ತು. ಬಿಳಿಯರಿಗೆ ಮಾತ್ರ ಸದಸ್ಯತ್ವ ಅನ್ನುವ ನಿಯಮವನ್ನು 2010ರ ಫೆಬ್ರವರಿಯಲ್ಲಿ ಕೈಬಿಡಲೇಬೇಕಾಯಿತು. ವಕೀಲರ ಖರ್ಚು ಬೇರೆ. ಮೊದಲ ಬಿಳಿಯರಲ್ಲದ ಸದಸ್ಯರಾಗಿ ಸೇರಿದವರು ಒಬ್ಬ ಹಿರಿಯ ಸಿಖ್ಖರು. ದೇಶವಿಭಜನೆಯ ಹಿಂಸೆಯಲ್ಲಿ ತಂದೆಯನ್ನು ಕಳೆದುಕೊಂಡವರು. ಮುಸ್ಲಿಮರ ಮೇಲಿನ ಸಿಟ್ಟು ಅವರನ್ನು ಅಲ್ಲಿಗೆ ತಂದಿತ್ತು. ಅದನ್ನು ಓದಿದಾಗ ನನಗೆ ತುಂಬಾ ಸಂಕಟ ಆಗಿತ್ತು. ನಮ್ಮ ನೆಲದ ಗಾಯವನ್ನು ಅಲ್ಲಿ ಯಾರೋ ತಮ್ಮ ಲಾಭಕ್ಕೆ ಬಳಸಿಕೊಂಡರು.

2010ರ ಮೇ 6ರ ಸಾರ್ವತ್ರಿಕ ಚುನಾವಣೆಗೆ ಪಕ್ಷ 338 ಅಭ್ಯರ್ಥಿಗಳನ್ನು ನಿಲ್ಲಿಸಿತು. ಅದಕ್ಕೆ ಮುಂಚಿನ ವಾರಗಳು ಹೇಗಿದ್ದವು ನೋಡಿ. ಪ್ರಚಾರ ವಿಭಾಗದ ಮುಖ್ಯಸ್ಥರನ್ನೇ ಹೊರಗೆ ಹಾಕಿದರು. ಗ್ರಿಫಿನ್‌ಗೆ ಕೊಲೆ ಬೆದರಿಕೆ ಇದೆ ಅನ್ನುವ ಆರೋಪದ ಮೇಲೆ ಪೊಲೀಸರು ವಿಚಾರಣೆ ನಡೆಸಿದರು. ಯಾರ ಮೇಲೂ ಕೇಸು ನಿಲ್ಲಲಿಲ್ಲ. ಚುನಾವಣಾ ವಿಡಿಯೊದ ಮೂಲೆಯಲ್ಲಿ ಮಾರ್ಮೈಟ್ ಬಾಟಲಿಯ ಚಿತ್ರ ಬಂತು. (ಬ್ರೆಡ್ಡಿಗೆ ಸವರುವ ಕಪ್ಪು ಬಣ್ಣದ, ಉಪ್ಪುಪ್ಪಾದ ತಿನಿಸು ಅದು.) ತಯಾರಕರಾದ ಯೂನಿಲಿವರ್ ಕಾನೂನು ಕ್ರಮಕ್ಕೆ ಇಳಿಯಿತು. ಕೊನೆಗೆ ಮತದಾನಕ್ಕೆ ಸ್ವಲ್ಪ ಮುಂಚೆ ಪಕ್ಷದ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದವರೇ ತಿರುಗಿಬಿದ್ದು ಸೈಟ್ ತೆಗೆದುಹಾಕಿದರು.

ಫಲಿತಾಂಶ: 5,63,743 ಮತ, ಶೇ 1.9. ಒಂದೂ ಸೀಟಿಲ್ಲ. ಹೆಚ್ಚಿನ ಕಡೆ ಠೇವಣಿ ಹೋಯಿತು. ಒಂದೊಂದು ಠೇವಣಿಯೂ 500 ಪೌಂಡ್.

ಇಲ್ಲಿ ಬಾರ್ಕಿಂಗ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ಪ್ರಕಾರ ಪಕ್ಷ ನಿಜಕ್ಕೂ ಸೋತಿದ್ದು ಅಲ್ಲಿ. ಪೂರ್ವ ಲಂಡನ್ನಿನ ಬಾರ್ಕಿಂಗ್ ಮತ್ತು ಡ್ಯಾಗನಮ್ ಕಾರ್ಮಿಕರ ಊರು. ಡ್ಯಾಗನಮ್‌ನ ಫೋರ್ಡ್ ಕಾರ್ಖಾನೆಯಲ್ಲಿ 2002ರಲ್ಲಿ ಕಾರು ಜೋಡಿಸುವುದು ನಿಂತಿತು. ಕೌನ್ಸಿಲ್ (ಸ್ಥಳೀಯ ಆಡಳಿತ) ಬಾಡಿಗೆಗೆ ಕೊಡುತ್ತಿದ್ದ ಮನೆಗಳು ಮಾರಾಟವಾಗಿ ಬಾಡಿಗೆ ಮನೆಗಳ ಕೊರತೆ ಬಂತು. ಮನೆಗಾಗಿ ಕಾದು ಕೂತವರ ಸಿಟ್ಟನ್ನು ಬಿಎನ್‌ಪಿ ಹೊಸಬರ ಕಡೆ ತಿರುಗಿಸಿತು. 2006ರಲ್ಲಿ ಅಲ್ಲಿನ ಕೌನ್ಸಿಲ್‌ನಲ್ಲಿ 12 ಸೀಟು ಗೆದ್ದು ಪ್ರಮುಖ ವಿರೋಧ ಪಕ್ಷವೇ ಆಯಿತು. 2010ರಲ್ಲಿ ಗ್ರಿಫಿನ್ ಸ್ವತಃ ಬಾರ್ಕಿಂಗ್‌ನಿಂದ ಸಂಸತ್ತಿಗೆ ನಿಂತರು.

ಆದರೆ ಅಷ್ಟರಲ್ಲಿ ಲೇಬರ್ ಸಂಸದೆ ಮಾರ್ಗರೆಟ್ ಹಾಜ್ ಮನೆಮನೆ ತಿರುಗುವ ಕೆಲಸಕ್ಕೆ ಕೈಹಾಕಿದ್ದರು. ಬೀದಿಯ ಜನರನ್ನು ಚಹಾಕ್ಕೆ ಕರೆದು, ಭಾಷಣ ಮಾಡದೆ, ಅವರ ದೂರು ಕೇಳುತ್ತಿದ್ದರು. ಕಸ, ಮನೆ, ಪಾರ್ಕಿಂಗ್, ಏನೇ ಇರಲಿ. ‘ಹೋಪ್ ನಾಟ್ ಹೇಟ್’ ಅನ್ನುವ ಜನಾಂಗದ್ವೇಷ ವಿರೋಧಿ ಸಂಘಟನೆಯ ಸ್ವಯಂಸೇವಕರು ಕರಪತ್ರ ಹಿಡಿದು ಬೀದಿಬೀದಿ ಸುತ್ತಿದರು. ಮತ ಎಣಿಸಿದಾಗ ಹಾಜ್ 16,555 ಮತಗಳ ಅಂತರದಿಂದ ಗೆದ್ದರು. ಗ್ರಿಫಿನ್ ಮೂರನೇ ಸ್ಥಾನಕ್ಕೆ ಹೋದರು. ಕೌನ್ಸಿಲ್‌ನ 51 ಸೀಟುಗಳೂ ಲೇಬರ್ ಪಾಲಾದವು. ಬಿಎನ್‌ಪಿಯ ಹನ್ನೆರಡೂ ಹೋದವು. ಜಗಳದಿಂದ ಪಕ್ಷ ಸತ್ತಿತು ಅಂತ ಹೇಳಿಬಿಟ್ಟರೆ ಈ ಜನರ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಈ ವಿಷಯದಲ್ಲಿ ನಾನು ಹಟ ಹಿಡಿದು ವಾದ ಮಾಡುತ್ತೇನೆ.

ಸೋತ ಮೇಲೆ ಬಂಡಾಯ. ಪಕ್ಷದ ರಾಷ್ಟ್ರೀಯ ಸಂಘಟಕರಾಗಿದ್ದ ಎಡ್ಡಿ ಬಟ್ಲರ್ 2010ರ ಬೇಸಿಗೆಯಲ್ಲಿ ಗ್ರಿಫಿನ್ ವಿರುದ್ಧ ಎದ್ದರು. ಆದರೆ ಸ್ಪರ್ಧೆಗೆ ಇಳಿಯಬೇಕಾದರೆ ಹಳೆಯ ಸದಸ್ಯರಲ್ಲಿ ಶೇ 20ರಷ್ಟು ಜನ ಸೂಚಕರಾಗಿ ಸಹಿ ಹಾಕಬೇಕು ಅನ್ನುವ ನಿಯಮ ಬಂದಿತ್ತು. ಯೋಚನೆ ಮಾಡಿ. ಸದಸ್ಯರ ಪಟ್ಟಿ ಅಧ್ಯಕ್ಷರ ಕೈಯಲ್ಲಿ. ಸಹಿ ಹಾಕಿದವರ ಹೆಸರು ಅಧ್ಯಕ್ಷರಿಗೆ ಗೊತ್ತಾಗುತ್ತದೆ. ಉಚ್ಚಾಟನೆ ಮಾಡುವವರೂ ಅಧ್ಯಕ್ಷರೇ. ಯಾರು ಧೈರ್ಯ ಮಾಡುತ್ತಾರೆ? ಬಟ್ಲರ್ ಅದರ ಹತ್ತಿರಕ್ಕೂ ಬರಲಿಲ್ಲ, ಚುನಾವಣೆಯೇ ನಡೆಯಲಿಲ್ಲ. ಗ್ರಿಫಿನ್ ಕುರ್ಚಿ ಉಳಿಯಿತು. ಆದರೆ ಸಿಟ್ಟಿದ್ದವರಿಗೆ ಒಳಗೆ ದಾರಿ ಸಿಗದಿದ್ದಾಗ ಹೊರಗೆ ಹೋದರು. ಕೆಲವರು ಇಂಗ್ಲಿಷ್ ಡೆಮಾಕ್ರಾಟ್ಸ್ ಅನ್ನುವ ಇನ್ನೊಂದು ಪಕ್ಷ ಸೇರಿದರು, ಕೆಲವರು ಸುಮ್ನೆ ಮನೆಯಲ್ಲಿ ಕೂತರು. ಲಂಡನ್ ಅಸೆಂಬ್ಲಿಯಲ್ಲಿದ್ದ ಅವರ ಏಕೈಕ ಸದಸ್ಯ ರಿಚರ್ಡ್ ಬಾರ್ನ್‌ಬ್ರೂಕ್ ಅವರನ್ನೂ ಹೊರಹಾಕಿದರು. ಊರೂರಿನಲ್ಲಿ ಕರಪತ್ರ ಹಂಚುತ್ತಿದ್ದವರು, ಬೂತ್ ನೋಡಿಕೊಳ್ಳುತ್ತಿದ್ದವರು ಹೋದರು. ಅಂಥವರು ಹೋದರೆ ಪಕ್ಷದಲ್ಲಿ ಬೋರ್ಡು ಮಾತ್ರ ಉಳಿಯುತ್ತದೆ. 2011ರ ಮೇ ಸ್ಥಳೀಯ ಚುನಾವಣೆಯಲ್ಲಿ ಅದು ಗೊತ್ತಾಯಿತು. ತಮ್ಮ ಭದ್ರಕೋಟೆ ಅಂದುಕೊಂಡಿದ್ದ ಸ್ಟೋಕ್‌ನಲ್ಲೇ ಐದಕ್ಕೆ ಐದೂ ಸೀಟು ಕಳೆದುಕೊಂಡರು.

ಆಮೇಲೆ ಒತ್ತಡ ತಡೆಯಲಾರದೆ ನಿಯಮ ಬದಲಾಯಿತು. ಸದಸ್ಯರೆಲ್ಲ ಮತ ಹಾಕುವ ನಾಯಕತ್ವ ಚುನಾವಣೆ 2011ರ ಜುಲೈನಲ್ಲಿ ನಡೆಯಿತು. ಗ್ರಿಫಿನ್ ಎದುರು ನಿಂತವರು ನಮ್ಮ ಯಾರ್ಕ್‌ಷೈರ್‌ನ ಬ್ರಾನ್ಸ್. ಕಾಲೇಜಿನಲ್ಲಿ ರಾಜಕೀಯ ಪಾಠ ಮಾಡಿದ್ದವರು, ಮೆಲುಮಾತಿನವರು. ಹಾಗಂತ ಮೃದು ನಿಲುವಿನವರು ಅಂದುಕೊಳ್ಳಬೇಡಿ. 1980ರ ದಶಕದ ಆರಂಭದಲ್ಲಿ ಇನ್ನೊಂದು ಕಡು ಬಲಪಂಥೀಯ ಪಕ್ಷವಾದ ನ್ಯಾಷನಲ್ ಫ್ರಂಟ್‌ನ ಅಧ್ಯಕ್ಷರಾಗಿದ್ದವರು ಅವರು. ಇಬ್ಬರ ಸಿದ್ಧಾಂತದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ದುಡ್ಡು ಎಲ್ಲಿ ಹೋಯಿತು, ಪಕ್ಷ ಯಾರ ಸ್ವತ್ತು ಅನ್ನುವುದೇ ಜಗಳ.

ಜುಲೈ 25ರಂದು ಫಲಿತಾಂಶ ಬಂತು. ಗ್ರಿಫಿನ್ 1,157. ಬ್ರಾನ್ಸ್ 1,148. ತಿರಸ್ಕೃತ ಮತ 11.

ಅಂತರ ಬರೀ ಒಂಬತ್ತು. ತಿರಸ್ಕೃತ ಮತಗಳೇ ಅದಕ್ಕಿಂತ ಜಾಸ್ತಿ! ಇಂಥ ಫಲಿತಾಂಶದಲ್ಲಿ ಗೆದ್ದವರಿಗೆ ಗೆದ್ದೆ ಅನ್ನುವ ಅಧಿಕಾರ ಸಿಗುವುದಿಲ್ಲ, ಸೋತವರಿಗೆ ಸೋತೆ ಅನ್ನುವ ಸಮಾಧಾನ ಸಿಗುವುದಿಲ್ಲ. ಇನ್ನೂ ಒಂದು ಲೆಕ್ಕ ಇದೆ, ಅದನ್ನು ಜನ ಅಷ್ಟಾಗಿ ಹೇಳುವುದಿಲ್ಲ. ಒಟ್ಟು ಬಿದ್ದ ಮತ 2,316. ಎರಡು ವರ್ಷ ಮುಂಚೆ ಒಂಬತ್ತು ಲಕ್ಷ ಚಿಲ್ಲರೆ ಜನ ಮತ ಹಾಕಿದ್ದ ಪಕ್ಷದ ನಾಯಕ ಯಾರಾಗಬೇಕು ಅಂತ ಹೇಳಲು ದೇಶದಲ್ಲೆಲ್ಲ ಉಳಿದಿದ್ದು ಇಷ್ಟೇ ಜನ.

ಮುಂದಿನದು ಬೇಗ ಹೇಳಿಬಿಡಬಹುದು. 2012ರಲ್ಲಿ ಬ್ರಾನ್ಸ್ ಪಕ್ಷ ಬಿಟ್ಟರು. 2014ರ ಜನವರಿಯಲ್ಲಿ ಕೋರ್ಟು ಗ್ರಿಫಿನ್ ಅವರನ್ನು ದಿವಾಳಿ ಅಂತ ಘೋಷಿಸಿತು. ಮೇ ತಿಂಗಳಲ್ಲಿ ಯುರೋಪಿಯನ್ ಸೀಟು ಹೋಯಿತು, ಜುಲೈನಲ್ಲಿ ನಾಯಕತ್ವ ಹೋಯಿತು, ಅಕ್ಟೋಬರ್‌ನಲ್ಲಿ ಅವರನ್ನೇ ಪಕ್ಷದಿಂದ ಉಚ್ಚಾಟಿಸಿದರು. 2015ರ ಸಾರ್ವತ್ರಿಕ ಚುನಾವಣೆಯಲ್ಲಿ ಎಂಟು ಅಭ್ಯರ್ಥಿಗಳಿಗೆ ಸೇರಿ ಬಿದ್ದಿದ್ದು 1,667 ಮತ. ಪೆಂಡಲ್‌ನಲ್ಲಿ ಉಳಿದಿದ್ದ ಕೊನೆಯ ಕೌನ್ಸಿಲರ್ 2018ರಲ್ಲಿ ಮತ್ತೆ ನಿಲ್ಲಲಿಲ್ಲ.

ಮತದಾರರು ಎಲ್ಲಿ ಹೋದರು? ಒಂದು ದೊಡ್ಡ ಪಾಲು ಯುಕಿಪ್ ಕಡೆ ಸರಿಯಿತು. (ಯುಕೆ ಇಂಡಿಪೆಂಡೆನ್ಸ್ ಪಾರ್ಟಿ, ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡಬೇಕು ಅನ್ನುತ್ತಿದ್ದ ಪಕ್ಷ.) ಬಿಎನ್‌ಪಿ ಸದಸ್ಯರಾಗಿದ್ದವರನ್ನು ಯುಕಿಪ್ ಸೇರಿಸಿಕೊಳ್ಳುತ್ತಿರಲಿಲ್ಲ. ಆದರೆ ಆ ಪಕ್ಷಕ್ಕೆ ಮತ ಹಾಕಿದವರಿಗೆ ಬಾಗಿಲು ತೆರೆದೇ ಇತ್ತು. ವಲಸೆ ಬಗ್ಗೆ ಸಿಟ್ಟಿದೆ, ಆದರೆ ಬಿಎನ್‌ಪಿ ಹೆಸರು ಹೇಳಿಕೊಳ್ಳೋಕೆ ಮುಜುಗರ ಅನ್ನುವವರಿಗೆ ಅದು ಅನುಕೂಲವಾಯಿತು. 2014ರ ಯುರೋಪಿಯನ್ ಚುನಾವಣೆಯಲ್ಲಿ ಯುಕಿಪ್ ದೇಶಕ್ಕೇ ಮೊದಲು ಬಂತು. ಹಾಗಾಗಿ ಬಿಎನ್‌ಪಿ ಮುಳುಗಿದ ಖುಷಿ ನಮಗೆ ಪೂರ್ತಿಯಾಗಿ ಪಡಲು ಆಗಲಿಲ್ಲ.

ನಿಮ್ಮ ಪ್ರಶ್ನೆಯ ಕೊನೆಯ ಭಾಗಕ್ಕೆ ಉತ್ತರ. ಗ್ರಿಫಿನ್‌ಗೆ ಮತ ಹಾಕಿದವರಲ್ಲಿ ಐದು ಜನ ಮನಸ್ಸು ಬದಲಾಯಿಸಿದ್ದರೆ ಬ್ರಾನ್ಸ್ ಒಂದು ಮತದಿಂದ ಗೆಲ್ಲುತ್ತಿದ್ದರು. ಪಕ್ಷ ಉಳಿಯುತ್ತಿತ್ತೇ? ಇಲ್ಲ ಅಂತಲೇ ನನ್ನ ಅನಿಸಿಕೆ. ಆಗ ಉಳಿದರ್ಧ ಗ್ರಿಫಿನ್ ಹಿಂದೆ ಹೋಗುತ್ತಿತ್ತು, ಪಕ್ಷದ ಸಾಲ ಬ್ರಾನ್ಸ್ ತಲೆಗೆ ಬರುತ್ತಿತ್ತು. ಬಾರ್ಕಿಂಗ್‌ನಲ್ಲಿ, ಸ್ಟೋಕ್‌ನಲ್ಲಿ ಬಾಗಿಲು ತಟ್ಟಲು ಜನ ಎಲ್ಲಿಂದ ತರುತ್ತಿದ್ದರು? ಇದಕ್ಕೆ ಒಂದು ಪುರಾವೆಯೂ ಇದೆ. ಗ್ರಿಫಿನ್ ಇಲ್ಲದ, ಸಾಲದ ಹೊರೆಯೂ ಇಲ್ಲದ ಪಕ್ಷವೊಂದು 2013ರಲ್ಲಿ ಹುಟ್ಟಿತು: ಬ್ರಿಟಿಷ್ ಡೆಮಾಕ್ರಾಟಿಕ್ ಪಾರ್ಟಿ. ಬ್ರಾನ್ಸ್ ಅದರ ಜೊತೆಗಿದ್ದರು. ಅವರನ್ನು ಬೆಂಬಲಿಸಿದ್ದ ಹಲವರೂ ಇದ್ದರು. ಮರುವರ್ಷ ಯುರೋಪಿಯನ್ ಚುನಾವಣೆ ಬಂದಾಗ ಬ್ರಾನ್ಸ್ ತಮ್ಮ ಸೀಟನ್ನು ಉಳಿಸಿಕೊಳ್ಳಲು ಸ್ಪರ್ಧಿಸಲೇ ಇಲ್ಲ.