200 ಕಂಪ್ಯೂಟರ್‌ಗೆ ಒಂದೇ ವಿಡಿಯೋ ಕಳಿಸಲು ಮಲ್ಟಿಕಾಸ್ಟ್ ಸಾಕಾ?

ಚಿಕ್ಕಮಗಳೂರಿನ ನಿಮ್ಮ ಕಾಲೇಜಿನ ಸಭಾಂಗಣದ ಕಾರ್ಯಕ್ರಮವನ್ನು ಲ್ಯಾಬ್‌ಗಳ 200 ಕಂಪ್ಯೂಟರ್‌ಗಳಲ್ಲಿ ಲೈವ್ ತೋರಿಸಬೇಕು, ಎಲ್ಲರೂ ಒಟ್ಟಿಗೆ ತೆರೆದರೆ ವಿಡಿಯೋ ನಿಂತು ನಿಂತು ಬರುತ್ತದೆ, ಮಲ್ಟಿಕಾಸ್ಟ್ (ಒಂದೇ ಪ್ರತಿ ಕಳಿಸಿ ಬೇಕಾದವರಿಗೆಲ್ಲ ತಲುಪಿಸುವ ವಿಧಾನ) ಮಾಡಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಹೋಗುತ್ತದೆ, ಆದರೆ ಸ್ವಿಚ್‌ಗಳನ್ನು (ಕಂಪ್ಯೂಟರ್‌ಗಳ ಕೇಬಲ್‌ಗಳು ಬಂದು ಸೇರುವ ಪೆಟ್ಟಿಗೆಗಳು) ಅದಕ್ಕೆ ತಕ್ಕ ಹಾಗೆ ಸೆಟ್ ಮಾಡಿದರೆ ಮಾತ್ರ. ಹಾಸನದಲ್ಲಿ ಕಚೇರಿ, ಕಾಲೇಜುಗಳಿಗೆ ನೆಟ್‌ವರ್ಕ್ ಹಾಕಿಕೊಡುವುದೇ ನನ್ನ ಕೆಲಸ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಿಮ್ಮ ವಿಡಿಯೋ 5 ಎಂಬಿಪಿಎಸ್ (ಸೆಕೆಂಡಿಗೆ 5 ಮೆಗಾಬಿಟ್) ಅಂದುಕೊಳ್ಳಿ. ಈಗ ಸರ್ವರ್ ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರತಿ ಕಳಿಸುತ್ತಿದೆ. 200 ಜನಕ್ಕೆ 1000 ಎಂಬಿಪಿಎಸ್. ಗಿಗಾಬಿಟ್ ಕೇಬಲ್ ಅಲ್ಲಿಗೇ ತುಂಬಿಹೋಯಿತು. ಮಲ್ಟಿಕಾಸ್ಟ್‌ನಲ್ಲಿ ಸರ್ವರ್‌ನಿಂದ ಹೊರಡುವುದು 5 ಎಂಬಿಪಿಎಸ್ ಮಾತ್ರ. ನೋಡುವವರು ಇಬ್ಬರಿರಲಿ, ಇನ್ನೂರಿರಲಿ.

ಬೆಂಗಳೂರಿನಿಂದ ಒಂದು ಸುತ್ತೋಲೆ ಸಕಲೇಶಪುರ, ಬೇಲೂರು, ಚಿಕ್ಕಮಗಳೂರು ಮೂರಕ್ಕೂ ಹೋಗಬೇಕು ಅನ್ನಿ. ಹಾಸನದವರೆಗೆ ದಾರಿ ಒಂದೇ ಅಲ್ವಾ? ಅಲ್ಲಿಗೆ ಒಂದು ಪ್ರತಿ ಬಂದರೆ ಸಾಕು. ಹಾಸನದಲ್ಲಿ ಜೆರಾಕ್ಸ್ ತೆಗೆದು ಒಂದನ್ನು ಸಕಲೇಶಪುರದ ಕಡೆ, ಒಂದನ್ನು ಬೇಲೂರಿನ ಕಡೆ ಕಳಿಸಿದರಾಯಿತು. ಚಿಕ್ಕಮಗಳೂರಿನ ಪ್ರತಿಯನ್ನು ಬೇಲೂರಿನಲ್ಲಿ ತೆಗೆಯುತ್ತಾರೆ. ರೂಟರ್, ಸ್ವಿಚ್‌ಗಳು ಮಾಡುವುದೂ ಇದನ್ನೇ. ದಾರಿ ಕವಲೊಡೆಯುವ ಜಾಗದಲ್ಲಿ ಮಾತ್ರ ನಕಲು.

ಯಾವ ಕವಲಿಗೆ ಬೇಕು ಅಂತ ಗೊತ್ತಾಗುವುದು ಹೇಗೆ? 224.0.0.0 ರಿಂದ 239.255.255.255 ವರೆಗಿನ ವಿಳಾಸಗಳು ಯಾವುದೇ ಒಂದು ಯಂತ್ರದ್ದಲ್ಲ, ಗುಂಪಿನದು. ಸರ್ವರ್ ಗುಂಪಿನ ವಿಳಾಸಕ್ಕೆ ಕಳಿಸುತ್ತದೆ. ಕೇಳುವವರು ಯಾರು ಅಂತ ಅದಕ್ಕೆ ಗೊತ್ತೇ ಇರಬೇಕಿಲ್ಲ. ನೋಡಬೇಕಾದ ಕಂಪ್ಯೂಟರ್ ತಾನೇ ಐಜಿಎಂಪಿ ಎಂಬ ಗುಂಪು ಸೇರುವ ಸಂದೇಶದ ಮೂಲಕ "ನನಗೂ ಈ ಗುಂಪು ಬೇಕು" ಅಂತ ಹೇಳುತ್ತದೆ. ಕಂಪ್ಯೂಟರ್ ವಿಜ್ಞಾನಿ ಸ್ಟೀವ್ ಡೀರಿಂಗ್ 1989ರಲ್ಲಿ ಆರ್‌ಎಫ್‌ಸಿ 1112 ಎಂಬ ಇಂಟರ್‌ನೆಟ್ ನಿಯಮಗಳ ದಾಖಲೆಯಲ್ಲಿ ಬರೆದಿಟ್ಟ ಈ ಕ್ರಮ ನನಗೆ ಇವತ್ತಿಗೂ ತುಂಬಾ ಇಷ್ಟ. ಕಳಿಸುವವರ ತಲೆ ಮೇಲಿನ ಹೊರೆಯನ್ನೇ ಅದು ಇಳಿಸಿಬಿಟ್ಟಿತು.

ಈಗ ನಿಮ್ಮ ಸ್ವಿಚ್‌ಗಳ ವಿಷಯ. ಐಜಿಎಂಪಿ ಸ್ನೂಪಿಂಗ್ (ಆ ಸಂದೇಶಗಳನ್ನು ಸ್ವಿಚ್ ಕದ್ದು ಕೇಳಿಸಿಕೊಳ್ಳುವುದು) ಆನ್ ಇಲ್ಲದಿದ್ದರೆ ಸ್ವಿಚ್ ಆ 5 ಎಂಬಿಪಿಎಸ್ ಅನ್ನು ಎಲ್ಲ ಪೋರ್ಟ್‌ಗಳಿಗೂ ಸುಮ್ನೆ ಸುರಿಯುತ್ತದೆ, ಪ್ರಿಂಟರ್‌ಗೂ ಸೇರಿ. ಆನ್ ಮಾಡಿದರೆ ಕೇಳಿದ ಪೋರ್ಟ್‌ಗೆ ಮಾತ್ರ ಹೋಗುತ್ತದೆ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. "ಇನ್ನೂ ಯಾರಿಗೆ ಬೇಕು?" ಅಂತ ಆಗಾಗ ಕೇಳುವ ಕ್ವೆರಿಯರ್ ಒಂದು ಇರಲೇಬೇಕು. ಮಲ್ಟಿಕಾಸ್ಟ್ ರೂಟರ್ ಇದ್ದರೆ ಅದೇ ಕೇಳುತ್ತದೆ. ಇಲ್ಲದಿದ್ದರೆ ಮುಖ್ಯ ಸ್ವಿಚ್‌ನಲ್ಲಿ ಆನ್ ಮಾಡಿ. ಸಾಮಾನ್ಯವಾಗಿ 125 ಸೆಕೆಂಡಿಗೊಮ್ಮೆ ಪ್ರಶ್ನೆ ಹೋಗುತ್ತದೆ, ಉತ್ತರ ಬರದಿದ್ದರೆ 260 ಸೆಕೆಂಡಿಗೆ ಹೆಸರು ಅಳಿಸಿಹೋಗುತ್ತದೆ. ಕ್ವೆರಿಯರ್ ಇಲ್ಲದ ಕಡೆ ಯಾರೂ ಕೇಳುವುದಿಲ್ಲ, ಯಾರೂ ಉತ್ತರಿಸುವುದಿಲ್ಲ. ವಿಡಿಯೋ ಚೆನ್ನಾಗಿ ಶುರುವಾಗಿ ನಾಲ್ಕೈದು ನಿಮಿಷಕ್ಕೆ ನಿಂತುಬಿಡುತ್ತದೆ. ಜನ ಕೇಬಲ್ ಬದಲಾಯಿಸುತ್ತಾರೆ, ಸರ್ವರ್ ಬದಲಾಯಿಸುತ್ತಾರೆ, ಈ ಒಂದು ಸೆಟ್ಟಿಂಗ್ ಮಾತ್ರ ಯಾರೂ ನೋಡುವುದಿಲ್ಲ.

ವಿಳಾಸ 239 ರಿಂದ ಶುರುವಾಗುವುದನ್ನು ಆರಿಸಿ, ಅದು ಒಳಗಿನ ಬಳಕೆಗೇ ಮೀಸಲು. 239.0.0.1 ಥರದ್ದು ಮಾತ್ರ ಬೇಡ. ಈಥರ್ನೆಟ್ ಮಟ್ಟದಲ್ಲಿ ವಿಳಾಸದ ಕೊನೆಯ 23 ಬಿಟ್ ಮಾತ್ರ ಉಳಿಯುವುದರಿಂದ ಅದು ಎಲ್ಲ ಯಂತ್ರಗಳಿಗೂ ಸೇರಿದ 224.0.0.1 ರ ಜೊತೆ ಒಂದಾಗಿಬಿಡುತ್ತದೆ. ಸ್ನೂಪಿಂಗ್ ಇದ್ದರೂ ಎಷ್ಟೋ ಸ್ವಿಚ್‌ಗಳು ಅದನ್ನು ಎಲ್ಲ ಕಡೆ ಹರಡುತ್ತವೆ. 239.10.10.10 ಇಟ್ಟುಕೊಳ್ಳಿ. ಲ್ಯಾಬ್‌ಗಳು ಬೇರೆ ಬೇರೆ ವಿಲ್ಯಾನ್‌ನಲ್ಲಿದ್ದರೆ (ಸ್ವಿಚ್‌ನಲ್ಲೇ ಬೇರ್ಪಡಿಸಿದ ಜಾಲ) ರೂಟರ್‌ನಲ್ಲಿ ಪಿಮ್ (ಜಾಲಗಳ ನಡುವೆ ಮಲ್ಟಿಕಾಸ್ಟ್‌ಗೆ ದಾರಿ ಮಾಡಿಕೊಡುವ ವ್ಯವಸ್ಥೆ) ಬೇಕು, ಟಿಟಿಎಲ್ (ಪ್ಯಾಕೆಟ್ ಎಷ್ಟು ದೂರ ಹೋಗಬಹುದು ಎಂಬ ಎಣಿಕೆ) ಕೂಡ ಜಾಸ್ತಿ ಮಾಡಬೇಕು. ಟಿಟಿಎಲ್ ಸಾಮಾನ್ಯವಾಗಿ 1 ಇರುತ್ತದೆ, ಅಂದರೆ ಮೊದಲ ರೂಟರ್ ದಾಟುವುದಿಲ್ಲ.

ವೈಫೈ ಮೊಬೈಲ್‌ಗಳಿಗೆ ಇದನ್ನು ಕೊಡಲು ಹೋಗಬೇಡಿ. ವೈಫೈನಲ್ಲಿ ಮಲ್ಟಿಕಾಸ್ಟ್ ಸಾಮಾನ್ಯವಾಗಿ ಕಡಿಮೆ ವೇಗದಲ್ಲಿ ಹೋಗುತ್ತದೆ, ಪ್ಯಾಕೆಟ್ ಬಿದ್ದುಹೋದರೆ ಮತ್ತೆ ಕಳಿಸುವುದೂ ಇಲ್ಲ. ಹಾಗೆಯೇ ಇದನ್ನು ಪೋಷಕರ ಮನೆಗೆ ಇಂಟರ್‌ನೆಟ್ ಮೂಲಕ ತಲುಪಿಸಲೂ ಆಗದು. ನಡುವಿನ ಕಂಪನಿಗಳು ತಮ್ಮ ರೂಟರ್‌ಗಳಲ್ಲಿ ಸಾಮಾನ್ಯ ಗ್ರಾಹಕರಿಗೆ ಮಲ್ಟಿಕಾಸ್ಟ್ ಬಿಟ್ಟಿರುವುದಿಲ್ಲ. ಅವರಿಗೆ ಯೂಟ್ಯೂಬ್ ಲೈವ್ ಕೊಡಿ.

ಮೊದಲು ಒಂದೇ ಲ್ಯಾಬ್‌ನಲ್ಲಿ ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರ್ ಹಾಕಿ ಹತ್ತು ನಿಮಿಷ ಓಡಿಸಿ ನೋಡಿ. ನಡುವೆ ನಿಂತರೆ ಸ್ವಿಚ್‌ನ ಮಾಡೆಲ್ ಇಲ್ಲೇ ಬರೆಯಿರಿ, ಕ್ವೆರಿಯರ್ ಎಲ್ಲಿ ಆನ್ ಮಾಡಬೇಕು ಅಂತ ಹುಡುಕಿ ಹೇಳುತ್ತೇನೆ.