ಆ ಹುಡುಗಿ ಕೇಳಿದ್ದು ಸರಿ

ಹಾವೇರಿ ಜಿಲ್ಲೆಯ ಶಿಕ್ಷಕಿಯೊಬ್ಬರ ಪತ್ರ: “ನಿಮ್ಮ ಮಕ್ಕಳ ಪುಟದ ‘ಏಪ್ರಿಲ್ ಫೂಲ್ ಹುಟ್ಟಿದ್ದು ಹೇಗೆ?’ ಬರಹವನ್ನು ಏಳನೇ ತರಗತಿಗೆ ಓದಿ ಹೇಳಿದೆ. ಫ್ರಾನ್ಸಿನಲ್ಲಿ ಹೊಸ ವರ್ಷ ಏಪ್ರಿಲ್ 1ರಿಂದ ಜನವರಿ 1ಕ್ಕೆ ಹೋಯಿತು, ಹಳೆಯದನ್ನೇ ಹಿಡಿದು ಕೂತವರನ್ನು ಜನ ಮೂರ್ಖರೆಂದು ಆಡಿಕೊಂಡರು ಎಂದಿತ್ತು. ಒಬ್ಬ ಹುಡುಗಿ ಎದ್ದು ನಿಂತು, ‘ಜನವರಿ 1 ಬಂದ ಮ್ಯಾಲೂ ನಾವು ಯುಗಾದಿ ಮಾಡ್ತೀವಲ್ರಿ ಟೀಚರ್, ಹಂಗಾದ್ರ ನಾವೂ ಫೂಲ್ ಏನ್ರಿ?’ ಅಂದಳು. ಏನು ಹೇಳಲಿ?”

ಮೇಡಂ, ಮೊದಲು ತಪ್ಪೊಪ್ಪಿಗೆ. ಆ ಪುಟವನ್ನು ಅಚ್ಚಿಗೆ ಕಳಿಸುವ ಮುನ್ನ ಓದಿದವನು ನಾನೇ. ಎಷ್ಟೋ ಕಡೆ ಓದಿದ್ದ ಕತೆ, ಹಾಗಾಗಿ ಒರೆಗೆ ಹಚ್ಚಿ ನೋಡಬೇಕು ಅನ್ನಿಸಲಿಲ್ಲ. ನಿಮ್ಮ ಪತ್ರ ಬಂದ ಮೇಲೆ ಕೂತು ನೋಡಿದೆ. ಕತೆ ನಿಲ್ಲುವುದಿಲ್ಲ.

ಫ್ರಾನ್ಸಿನ ದೊರೆ ಒಂಬತ್ತನೇ ಚಾರ್ಲ್ಸ್ 1564ರಲ್ಲಿ ಜನವರಿ 1ನ್ನು ವರ್ಷದ ಮೊದಲ ದಿನ ಮಾಡಿ ಆಜ್ಞೆ ಹೊರಡಿಸಿದ್ದು ನಿಜ. ಆದರೆ ಅದಕ್ಕೆ ಮೊದಲು ಪ್ಯಾರಿಸ್ ಕಡೆ ವರ್ಷ ಶುರುವಾಗುತ್ತಿದ್ದುದು ಈಸ್ಟರ್ ಹಬ್ಬದಿಂದ. ನಮ್ಮ ಯುಗಾದಿಯ ಹಾಗೆ ಈಸ್ಟರ್ ಕೂಡ ಚಂದ್ರನ ಲೆಕ್ಕದ ಹಬ್ಬ. ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಂದು ಬೇಕಾದರೂ ಬಿದ್ದೀತು. ಅದನ್ನು ಏಪ್ರಿಲ್ 1ಕ್ಕೆ ಗಂಟು ಹಾಕಲು ಬರುವುದಿಲ್ಲ.

ಇನ್ನೂ ಗಟ್ಟಿ ಸಾಕ್ಷಿ ಈಗಿನ ಬೆಲ್ಜಿಯಮ್ಮಿನ ಬ್ರೂಜ್ ಪಟ್ಟಣದ್ದು. ಅಲ್ಲಿನ ಕವಿ ಎಡ್ವರ್ಡ್ ಡಿ ಡೇನೆ 1561ರಲ್ಲಿ, ಅಂದರೆ ಆ ಆಜ್ಞೆಗೆ ಮೂರು ವರ್ಷ ಮೊದಲೇ, ಈ ಆಟದ ಬಗ್ಗೆ ಪದ್ಯ ಬರೆದಿದ್ದಾನೆ. ಮದುವೆ ಊಟದ ತಯಾರಿ ಎಂದು ಒಡೆಯ ತನ್ನ ಆಳನ್ನು ಒಂದಾದ ಮೇಲೊಂದು ಹುಚ್ಚು ಕೆಲಸಕ್ಕೆ ಅಟ್ಟುತ್ತಾನೆ. ಇವತ್ತು ಏಪ್ರಿಲ್ 1, ನನ್ನನ್ನು ಸುಮ್ಮನೆ ಓಡಿಸುತ್ತಿದ್ದಾರೇನೋ ಎಂದು ಆಳಿಗೆ ಅನುಮಾನ. ಪ್ರತಿ ನುಡಿಯ ಕೊನೆಗೂ ಅದೇ ಅಳುಕು.

ಸ್ಕಾಟ್ಲೆಂಡಿನಲ್ಲೂ ಹೀಗೆ ಓಡಿಸುವ ಆಟವಿತ್ತು. ಹುಡುಗನ ಕೈಗೆ ಅಂಟಿಸಿದ ಕಾಗದ ಕೊಟ್ಟು, ಇಂಥವರಿಗೆ ಮುಟ್ಟಿಸಿ ಬಾ ಎನ್ನುತ್ತಿದ್ದರು. ಒಳಗಿನ ಒಕ್ಕಣೆ: ನಗಬೇಡ, ಮುಗುಳ್ನಗಲೂ ಬೇಡ, ಇವನನ್ನು ಇನ್ನೊಂದು ಮೈಲಿ ಓಡಿಸು. ಓದಿದವರು ಮುಖ ಬಿಗಿದುಕೊಂಡು, ‘ಇದು ನನ್ನಿಂದಾಗದು, ಅವರನ್ನು ಕೇಳು’ ಎಂದು ಮತ್ತೊಬ್ಬರ ಮನೆ ತೋರಿಸುವರು. ನಾವು ಶಾಲೆಯಲ್ಲಿ ಅರ್ಧ ಕೊಯ್ದ ಆಲೂಗಡ್ಡೆಯ ಮೇಲೆ ಅಕ್ಷರ ತಿರುವುಮುರುವಾಗಿ ಕೆತ್ತಿ, ಶಾಯಿಯಲ್ಲಿ ಅದ್ದಿ, ಗೆಳೆಯರ ಬೆನ್ನಿಗೆ ಒತ್ತುತ್ತಿದ್ದೆವು. ಆ ಬಿಳಿ ಅಂಗಿಗಳನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಒಗೆದವರು ತಾಯಂದಿರು. ಕಾಗದದ ಆಟವೇ ವಾಸಿ. ಯಾರಿಗೂ ಕಲೆ ಉಳಿಯುವುದಿಲ್ಲ.

ಹುಟ್ಟಿನ ಕತೆ ನಂಬಿ ಮೋಸ ಹೋದವರು ಬೇರೆಯವರೂ ಇದ್ದಾರೆ. 1983ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಇತಿಹಾಸ ಪ್ರಾಧ್ಯಾಪಕ ಜೋಸೆಫ್ ಬಾಸ್ಕಿನ್, ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ತನ್ನ ವಿದೂಷಕ ಕುಗೆಲ್‌ಗೆ ಒಂದು ದಿನದ ಮಟ್ಟಿಗೆ ರಾಜ್ಯ ಬಿಟ್ಟುಕೊಟ್ಟಿದ್ದ ಎಂದು ಅಸೋಸಿಯೇಟೆಡ್ ಪ್ರೆಸ್ ವರದಿಗಾರನಿಗೆ ಕತೆ ಕಟ್ಟಿ ಹೇಳಿದರು. ಕುಗೆಲ್ ಎಂದರೆ ಯಹೂದಿ ಮನೆಗಳಲ್ಲಿ ಮಾಡುವ ಒಂದು ತಿನಿಸು. ಇದೆಂಥ ಹೆಸರು ಎಂದು ಒಬ್ಬರು ಕೇಳಿದ್ದರೂ ಸಾಕಿತ್ತು. ಸುದ್ದಿ ಅಮೆರಿಕದ ಪತ್ರಿಕೆಗಳಲ್ಲಿ ಬಂದೇಬಿಟ್ಟಿತು, ನಿಜ ಹೊರಬಿದ್ದದ್ದು ಆಮೇಲೆ.

ಅದಕ್ಕೇ ನಿಮ್ಮ ವಿದ್ಯಾರ್ಥಿನಿಯ ಬಗ್ಗೆ ನನಗೆ ಅಷ್ಟೊಂದು ಅಭಿಮಾನ. ನಾವು ಯಾರೂ ಕೇಳದ್ದನ್ನು ಅವಳು ಕೇಳಿದಳು. ಗೋಡೆಗೆ ಜನವರಿಯ ಕ್ಯಾಲೆಂಡರ್, ದೇವರ ಜಗಲಿಯ ಪಕ್ಕ ಪಂಚಾಂಗ, ಎರಡನ್ನೂ ಇಟ್ಟುಕೊಂಡೇ ಬಾಳುತ್ತ ಬಂದವರು ನಾವು. ಇದರಲ್ಲಿ ಫೂಲ್ ಆಗುವಂಥದ್ದು ಏನೂ ಇಲ್ಲ ಎಂದು ಅವಳಿಗೆ ಹೇಳಿ. ಈ ದಿನದ ಮೂಲವನ್ನು ಇತಿಹಾಸಕಾರರು ಇನ್ನೂ ತೀರ್ಮಾನಿಸಿಲ್ಲ, 1561ರ ಹೊತ್ತಿಗೆ ಆಟ ರೂಢಿಯಲ್ಲಿತ್ತು ಎಂಬುದು ಮಾತ್ರ ಖಚಿತ ಎಂದು ತರಗತಿಗೆ ತಿಳಿಸಿ.

ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ, ಅದೇ ಮಕ್ಕಳ ಪುಟದ ಮೇಲ್ಭಾಗದಲ್ಲೇ ಬರುತ್ತದೆ. ತಲೆಬರಹ ಅವಳ ಪ್ರಶ್ನೆಯೇ, ಅವಳ ಮಾತಿನಲ್ಲೇ.